ಕೇಳಿದ ಕಿವಿ ಯಾರದು?

ಮೆಡೋಸ್ ಟೇಲರನ ಆತ್ಮಕಥೆಯನ್ನು ನಾನು ಮೊದಲ ಸಲ ಓದಿದ್ದು ಪರೀಕ್ಷೆಗಾಗಿ. ಹಾಗೆ ಓದಿದ ಪುಸ್ತಕಗಳಿಗೆ ಆಗುವ ಗತಿಯೇ ಅದಕ್ಕೂ ಆಗಿತ್ತು. ಇಸವಿಗಳು ಉಳಿದು ಮನುಷ್ಯರು ಜಾರಿಹೋಗಿದ್ದರು. ಕಳೆದ ಮಾಗಿಯಲ್ಲಿ ಸುರಪುರದ ಸ್ನೇಹಿತರೊಬ್ಬರ ಮನೆಯ ಮದುವೆಗೆ ಹೊರಟಾಗ, ದಾರಿಗಿರಲಿ ಎಂದು ಅದನ್ನೇ ಚೀಲಕ್ಕೆ ಹಾಕಿಕೊಂಡೆ. ಯಾದಗಿರಿಯಲ್ಲಿ ರೈಲು ಇಳಿದು ಬಸ್ಸು ಹಿಡಿದದ್ದಾಯಿತು. ಭೀಮೆಯ ಸೇತುವೆ ದಾಟಿತು. ಬುದ್ಧ ಮಲಗಿದ ಹಾಗೆ ಕಾಣುತ್ತದೆ ಎಂದು ಜನ ಬೆರಳು ಮಾಡಿ ತೋರಿಸುವ ಶಹಾಪುರದ ಬೆಟ್ಟ ಕಿಟಕಿಯಲ್ಲಿ ಬಂದು ಹೋಯಿತು. ನಾನು ತಲೆಯೆತ್ತಿದ್ದು ಅಷ್ಟೇ. ಸುರಪುರದ ಗುಡ್ಡದ ಮೇಲೆ ಟೇಲರನು ಕಟ್ಟಿಸಿದ ಬಂಗಲೆ, ಜನ ಇಂದಿಗೂ ‘ಟೇಲರ್ ಮಂಜಿಲ್’ ಎನ್ನುವ ಆ ಮನೆ, ಕಾಣಿಸುವ ಹೊತ್ತಿಗೆ ನಾನು 1858ನೆಯ ಇಸವಿಯ ಸೆರೆಕೋಣೆಯೊಂದರಲ್ಲಿ ಇಬ್ಬರು ಮಾತನಾಡುವುದನ್ನು ಕೇಳುತ್ತ ಕುಳಿತಿದ್ದೆ.

ಹೀಗೆ ಮೈಮರೆಯುವುದಕ್ಕೆ ಕಾರಣವೊಂದು ಇತ್ತು. ಹೊರಡುವ ಮುನ್ನ ಮನೋವೈದ್ಯರಾದ ಮಿತ್ರರೊಬ್ಬರು ನನ್ನ ತಲೆಯಲ್ಲಿ ಒಂದು ಪ್ರಶ್ನೆ ಬಿತ್ತಿದ್ದರು. ಮಾತಿನಿಂದಲೇ ಮಾಡುವ ಚಿಕಿತ್ಸೆ ಕೆಲವರಿಗೆ ಫಲಿಸುತ್ತದೆ, ಕೆಲವರಿಗೆ ಫಲಿಸುವುದಿಲ್ಲ, ಕೆಲವರಿಗೆ ಮೊದಲಿಗಿಂತ ಕೇಡಾಗುವುದೂ ಉಂಟು. ಮದ್ದಿಲ್ಲ, ಕತ್ತರಿಯಿಲ್ಲ, ಎದುರುಬದುರು ಎರಡು ಕುರ್ಚಿ. ಹಾಗಿದ್ದ ಮೇಲೆ ಒಳಿತು ಕೇಡುಗಳು ಎಲ್ಲಿಂದ ಹುಟ್ಟುತ್ತವೆ? “ನೀವು ಸಾಹಿತ್ಯದವರು, ಮಾತಿನ ವ್ಯಾಪಾರ ನಿಮ್ಮದು, ನೀವೇ ಹೇಳಿ” ಎಂದು ಅವರು ನಕ್ಕರು. ನನಗೆ ಉತ್ತರ ತೋಚಲಿಲ್ಲ. ಟೇಲರನ ಪುಸ್ತಕದಲ್ಲಿ ಅದಕ್ಕೆ ಉತ್ತರವಿದೆ ಎಂದು ನಾನು ಹೇಳಲಾರೆ. ಪ್ರಶ್ನೆಯಂತೂ ಇದೆ, ರಕ್ತಮಾಂಸ ತುಂಬಿಕೊಂಡು ಇದೆ.

ಕಥೆ ಸುರಪುರದವರಿಗೆ ಬಾಯಿಪಾಠ. ಬೆಂಗಳೂರಿನ ಓದುಗರಿಗಾಗಿ ಚುಟುಕಾಗಿ ಹೇಳಬೇಕು. ಔರಂಗಜೇಬನು ತನ್ನ ಮುಪ್ಪಿನಲ್ಲಿ, 1705ರಲ್ಲಿ, ಖುದ್ದಾಗಿ ಮುತ್ತಿಗೆ ಹಾಕಿದ ವಾಗಣಗೇರಿ ಈ ಸುರಪುರದ ಬೇಡ ನಾಯಕರ ಕೋಟೆ. ಅಂಥ ಮನೆತನದಲ್ಲಿ 1841ರ ಸುಮಾರಿಗೆ ಅರಸು ತೀರಿಕೊಂಡ. ಉಳಿದವರು ರಾಣಿ ಈಶ್ವರಮ್ಮ, ಏಳೆಂಟು ವರ್ಷದ ಮಗ ವೆಂಕಟಪ್ಪ ನಾಯಕ, ಅಧಿಕಾರಕ್ಕೆ ಕಣ್ಣಿಟ್ಟ ದಾಯಾದಿಗಳು, ಬೆಟ್ಟದಷ್ಟು ಸಾಲ. ನಿಜಾಮನ ಸೇನೆಯ ಅಧಿಕಾರಿ ಟೇಲರನನ್ನು ಬ್ರಿಟಿಷ್ ರೆಸಿಡೆಂಟನು ಅಲ್ಲಿಗೆ ಕಳಿಸಿದ. ಬಂದವನು ಹನ್ನೆರಡು ವರ್ಷ ಹತ್ತಿರ ನಿಂತ. ಸಾಲ ತೀರಿಸಿದ, ಲೆಕ್ಕಪತ್ರ ತಿದ್ದಿದ, ಹುಡುಗನನ್ನು ಬೆಳೆಸಿದ. ಹುಡುಗ ಅವನನ್ನು ‘ಅಪ್ಪ’ ಎಂದು ಕರೆದ. ಇಂಗ್ಲಿಷ್ ಪುಸ್ತಕದ ನಡುವೆ ಆ ಒಂದು ಕನ್ನಡ ಮಾತು ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ನನಗೆ ಕಾಲಿಗೆ ಕಲ್ಲು ತಾಕಿದ ಹಾಗಾಗುತ್ತದೆ.

1853ರಲ್ಲಿ ರಾಜ ಪ್ರಾಯಕ್ಕೆ ಬಂದ. ಅಧಿಕಾರ ಅವನ ಕೈಗೆ ಹೋಯಿತು. ಟೇಲರನಿಗೆ ನಳದುರ್ಗಕ್ಕೆ ವರ್ಗವಾಯಿತು. ಐದು ವರ್ಷ ಕಳೆಯಿತು. 1858ರ ಫೆಬ್ರವರಿಯಲ್ಲಿ ಸುರಪುರದ ಹತ್ತಿರ ಬೀಡುಬಿಟ್ಟಿದ್ದ ಸೈನ್ಯದ ಮೇಲೆ ರಾತ್ರಿ ದಾಳಿ ನಡೆಯಿತು. ದಾಳಿ ಸೋತು, ರಾಜನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದ. ಆಗ ವರಾಡದಲ್ಲಿದ್ದ ಟೇಲರನನ್ನು ಸರಕಾರ ಮತ್ತೆ ಸುರಪುರಕ್ಕೆ ನೇಮಿಸಿತು. ಹೋಗುವ ದಾರಿಯಲ್ಲಿ ಅವನು ಸೆರೆಯಲ್ಲಿದ್ದ ರಾಜನನ್ನು ಕಂಡ. ಆ ಭೇಟಿಯೇ ನಾನು ಬಸ್ಸಿನಲ್ಲಿ ಓದುತ್ತಿದ್ದ ಪುಟ.

ಟೇಲರನು ಬರೆದಿರುವ ಪ್ರಕಾರ, ಹುಡುಗ ಓಡಿಬಂದು ಅಪ್ಪಿಕೊಂಡು ಬಿಕ್ಕಿಬಿಕ್ಕಿ ಅತ್ತ. ಮಾತು ಹೊರಟಾಗ ಎಲ್ಲ ಹೊರಟಿತು: ತಾನು ಮಾಡಿದ್ದು, ಕಳೆದುಕೊಂಡಿದ್ದು, ನಾಚಿಕೆ. ಒಂದು ಮಾತ್ರ ಹೊರಡಲಿಲ್ಲ. ತನ್ನನ್ನು ಈ ದಾರಿಗೆ ಎಳೆದವರ ಹೆಸರುಗಳನ್ನು ಅವನು ಬಿಟ್ಟುಕೊಡಲಿಲ್ಲ. ಪ್ರಾಣಭಿಕ್ಷೆಗಾಗಿ ರೆಸಿಡೆಂಟನ ಮುಂದೆ ನಿಲ್ಲುವುದಕ್ಕೂ ಒಪ್ಪಲಿಲ್ಲ. ಸಾಯುವುದಾದರೆ ಕಳ್ಳನ ಹಾಗೆ ನೇಣಿನಲ್ಲಿ ಬೇಡ, ತೋಪಿನ ಬಾಯಿಯಲ್ಲಿ ಆಗಲಿ ಎಂದ. ಎಲ್ಲವನ್ನೂ ಹೇಳಿಕೊಂಡವನು ಒಂದನ್ನು ಏಕೆ ಉಳಿಸಿಕೊಂಡ? ಶೌರ್ಯ ಎಂದು ಟೇಲರನು ಮೆಚ್ಚುತ್ತಾನೆ. ಶೌರ್ಯವೇ ಸರಿ. ಆದರೆ ಇನ್ನೊಂದು ಸರಳವಾದ ಕಾರಣವೂ ನನಗೆ ಕಾಣುತ್ತದೆ. ಅಪ್ಪನ ಕಿವಿಗೆ ಬಿದ್ದದ್ದು ಸರಕಾರದ ಕಿವಿಗೂ ಬೀಳುತ್ತದೆ ಎಂಬುದು ಆ ಹುಡುಗನಿಗೆ ತಿಳಿದಿತ್ತು.

ಮಾತಿನ ಚಿಕಿತ್ಸೆಯ ಬಗ್ಗೆ ಬರೆಯಹೊರಟು ಸಂಸ್ಥಾನದ ಕಥೆ ಹೇಳುತ್ತಿದ್ದಾನಲ್ಲ ಎಂದು ವಾಚಕರು ಬೇಸರಿಸಬಾರದು. ಟೇಲರನು ವೈದ್ಯನಲ್ಲ, ನಿಜ. ಅವನು ಈ ಪುಟಗಳನ್ನು ಬರೆದಾಗ ಫ್ರಾಯ್ಡನು ಇನ್ನೂ ವಿದ್ಯಾರ್ಥಿ. ಆದರೆ ನೊಂದವನೊಬ್ಬ ತನ್ನನ್ನು ಬಿಚ್ಚಿಕೊಳ್ಳುವುದು, ಇನ್ನೊಬ್ಬ ಅದನ್ನು ತಾಳ್ಮೆಯಿಂದ ಕೇಳುವುದು, ಕೇಳಿದವನು ಮುಂದೆ ಅದನ್ನು ಬರೆದಿಡುವುದು, ಇವು ಮೂರೂ ಇಲ್ಲಿವೆ. ಮಾತಿನ ಚಿಕಿತ್ಸೆಯಲ್ಲಿರುವುದೂ ಇವೇ. ಅಲ್ಲದೆ ಟೇಲರನು ಹುಟ್ಟಾ ಕೇಳುಗ. ಅವನಿಗೆ ಹೆಸರು ತಂದ ‘ಕನ್‌ಫೆಷನ್ಸ್ ಆಫ್ ಎ ಥಗ್’ ಕಾದಂಬರಿ, 1839ರದು, ಮೊದಲಿನಿಂದ ಕೊನೆಯವರೆಗೆ ಕೇಳುವಿಕೆಯೇ. ಅಮೀರ ಅಲಿ ಎಂಬ ಠಕ್ಕ ಸೆರೆಯಲ್ಲಿ ಕುಳಿತು ತಾನು ಮಾಡಿದ ಕೊಲೆಗಳನ್ನು ಹೇಳುತ್ತ ಹೋಗುತ್ತಾನೆ. ಸಾಹೇಬನೊಬ್ಬ ಕೇಳುತ್ತ ಹೋಗುತ್ತಾನೆ. ಆದರೆ ಅಲ್ಲಿ ಹೇಳುವವನು ಮಾಫಿ ಸಾಕ್ಷಿ. ಹೇಳಿದರೆ ತಲೆ ಉಳಿಯುತ್ತದೆ. ಅದು ತಪ್ಪೊಪ್ಪಿಗೆ, ಹೊರೆ ಇಳಿಸಿಕೊಳ್ಳುವುದು ಬೇರೆ. ಮಾತು ಒಂದೇ ತೆರನಾಗಿ ಕೇಳಿಸುತ್ತದೆ, ಕಣ್ಣೀರೂ ಬರಬಹುದು. ಆದರೆ ತಪ್ಪೊಪ್ಪಿಗೆಯಲ್ಲಿ ಮಾತಿನ ಲಾಭ ಕೇಳುವವನಿಗೆ, ಇನ್ನೊಂದರಲ್ಲಿ ಹೇಳುವವನಿಗೆ. ಟೇಲರನಿಗೆ ಎರಡರ ಅಭ್ಯಾಸವೂ ಇತ್ತು. ಎರಡರ ನಡುವಿನ ಗೆರೆ ಅವನಿಗೆ ಎಲ್ಲಿಯೂ ಕಂಡಂತಿಲ್ಲ. ಪುಸ್ತಕದ ದೊಡ್ಡ ಕೊರತೆ ಇದು ಎಂದು ನನ್ನ ಎಣಿಕೆ.

ಈ ಮಾತನ್ನು ನಾನು ಮೇಲೆ ಕುಳಿತು ಹೇಳುತ್ತಿಲ್ಲ. ನನ್ನದೇ ಒಂದು ಪ್ರಸಂಗ ಹೇಳಬೇಕಾಗಿದೆ. ಅದನ್ನು ಮರೆಮಾಡಿ ಟೇಲರನನ್ನು ಟೀಕಿಸಿದರೆ ನ್ಯಾಯವಾಗುವುದಿಲ್ಲ.

ಹಲವು ವರ್ಷಗಳ ಹಿಂದೆ ನಾನು ಒಂದು ಕಾಲೇಜಿನ ವಿದ್ಯಾರ್ಥಿನಿಲಯಕ್ಕೆ ಪಾಲಕನಾಗಿದ್ದೆ. ಹತ್ತು ದಿನದ ತರಬೇತಿ ಕೊಟ್ಟು ‘ಆಪ್ತ ಸಲಹೆಗಾರ’ ಎಂಬ ಬಿರುದನ್ನೂ ನನ್ನ ಹೆಸರಿಗೆ ಅಂಟಿಸಿದ್ದರು. ಎರಡನೆಯ ವರ್ಷದ ಹುಡುಗನೊಬ್ಬ ಸಂಜೆ ಹೊತ್ತು ಮಹಡಿಯ ಮೇಲೆ ಒಬ್ಬನೇ ನಿಂತಿರುತ್ತಿದ್ದ. ನಾಲ್ಕಾರು ದಿನ ನಾನೂ ಸುಮ್ಮನೆ ಪಕ್ಕದಲ್ಲಿ ನಿಂತೆ. ಐದನೆಯ ದಿನವೋ ಆರನೆಯ ದಿನವೋ ಅವನು ಬಾಯಿಬಿಟ್ಟ. “ರಾತ್ರಿ ಜೀವ ಹೊಯ್ದಾಡ್ತದ್ರಿ ಸರ್” ಎಂದ. ಅವನ ಕಡೆಯ ಮಾತು ಅದು. ‘ಖಿನ್ನತೆ’, ‘ಆತಂಕ’ ಎಂಬ ನಮ್ಮ ಪುಸ್ತಕದ ಪದಗಳನ್ನು ಅದರ ಪಕ್ಕದಲ್ಲಿಟ್ಟರೆ ಪೇಲವವಾಗಿ ಕಾಣುತ್ತವೆ. ಮನೆಯ ಸಾಲ, ತಂದೆಯ ಕುಡಿತ, ತಾನು ಓದಲಾರೆನೆಂಬ ಹೆದರಿಕೆ, ಒಂದೊಂದೇ ಹೊರಬಂತು. ನಾನು ಹೆಚ್ಚೇನೂ ಹೇಳಲಿಲ್ಲ. ಹೇಳಲು ತಿಳಿದೂ ಇರಲಿಲ್ಲ. ಒಂದು ತಿಂಗಳಲ್ಲಿ ಹುಡುಗ ಊಟ ಸರಿಯಾಗಿ ಮಾಡತೊಡಗಿದ. ಕ್ರಿಕೆಟ್ ಆಡುವುದನ್ನೂ ನೋಡಿದೆ. ನನಗೆ ಒಳಗೊಳಗೇ ಹೆಮ್ಮೆ.

ತಿಂಗಳ ಕೊನೆಗೆ ಒಂದು ನಮೂನೆ ತುಂಬಿ ಕಳಿಸಬೇಕಾಗಿತ್ತು, ‘ವಿಶೇಷ ಗಮನ ಬೇಕಾದ ವಿದ್ಯಾರ್ಥಿಗಳು’ ಎಂದು. ಅವನ ಹೆಸರು ಬರೆದು ಎದುರಿಗೆ ಎರಡು ಸಾಲು ಬರೆದೆ. ಆ ಎರಡು ಸಾಲು ಮೇಲಿನವರ ಕೈಸೇರಿತು. ಅವರು ತಂದೆಗೆ ಹೇಳಿಕಳಿಸಿದರು. ತಂದೆ ಬಂದು ನಾಲ್ಕು ಜನರ ಎದುರಿಗೆ ಮಗನನ್ನು ನಿಲ್ಲಿಸಿ ಮಾತನಾಡಿಸಿದ. ಅಂದು ಸಂಜೆ ಹುಡುಗ ನನ್ನ ಕೋಣೆಗೆ ಬಂದು, “ನೀವು ಬರದ್ರೇನ್ರಿ ಸರ್?” ಎಂದು ಕೇಳಿದ. “ನಿನ್ನ ಒಳ್ಳೆಯದಕ್ಕೇ ಬರೆದೆ” ಎಂದೆ. ಅವನು ತಲೆಯಾಡಿಸಿ ಹೋದ. ಮತ್ತೆ ಮಹಡಿಯ ಮೇಲೆ ಕಾಣಲಿಲ್ಲ. ಆ ಅವಧಿ ಮುಗಿಯುವುದರೊಳಗೆ ವರ್ಗಾವಣೆ ಪತ್ರ ತೆಗೆದುಕೊಂಡು ಹೊರಟೇಹೋದ. ಅನಾಹುತವೇನೂ ಆಗಲಿಲ್ಲ; ಈಗ ಎಲ್ಲಿಯೋ ಕೆಲಸದಲ್ಲಿದ್ದಾನೆಂದು ಕೇಳಿದ್ದೇನೆ. ಆದರೆ ‘ನಿನ್ನ ಒಳ್ಳೆಯದಕ್ಕೇ’ ಎಂಬ ಆ ನನ್ನ ಮಾತು ಟೇಲರನ ಪುಸ್ತಕದ ಪ್ರತಿ ಅಧ್ಯಾಯದಲ್ಲಿಯೂ ಯಾವುದಾದರೂ ರೂಪದಲ್ಲಿ ಎದುರಾಗುತ್ತದೆ. ಓದುವಾಗ ಮೈ ಬಿಸಿಯಾಗುತ್ತದೆ.

ಇನ್ನು ವಿದ್ವಾಂಸರು ಏನೆನ್ನುತ್ತಾರೆ? ನನ್ನ ಮಿತ್ರರು ಓದಲು ಕೊಟ್ಟ ಗ್ರಂಥಗಳನ್ನು ನನಗೆ ತಿಳಿದಷ್ಟು ಓದಿದೆ. ಈ ವಿದ್ಯೆಯಲ್ಲಿ ಪಂಥಗಳು ನಮ್ಮ ಮಠಗಳಷ್ಟೇ ಇವೆ. ಪ್ರತಿಯೊಂದು ಪಂಥವೂ ತನ್ನ ಮಾರ್ಗದಿಂದಲೇ ಮುಕ್ತಿ ಎನ್ನುತ್ತದೆ. 1936ರಲ್ಲಿಯೇ ಅಮೆರಿಕದ ಸಾಲ್ ರೋಸೆನ್‌ಜ್ವೈಗ್ ಎಂಬವರು ಚಿಕ್ಕದೊಂದು ಲೇಖನ ಬರೆದು, ಎಲ್ಲ ಪಂಥಗಳಿಗೂ ಬಹುಮಟ್ಟಿಗೆ ಒಂದೇ ತೆರನ ಫಲ ಸಿಗುತ್ತಿದೆಯಲ್ಲ, ಹಾಗಾದರೆ ಫಲಕ್ಕೆ ಕಾರಣ ಪಂಥವೋ, ಎಲ್ಲದರಲ್ಲಿಯೂ ಸಮಾನವಾಗಿರುವ ಮತ್ತೇನಾದರೂ ಇದೆಯೋ ಎಂದು ಕೇಳಿದರು. ಓಟದಲ್ಲಿ ಎಲ್ಲರೂ ಗೆದ್ದರು, ಎಲ್ಲರಿಗೂ ಬಹುಮಾನ ಕೊಡಬೇಕು ಎಂದು ತೀರ್ಪು ಕೊಡುವ ‘ಆಲಿಸ್’ ಕಥೆಯ ಡೋಡೋ ಹಕ್ಕಿಯನ್ನು ಅವರು ನೆನೆದರು. ಕೆಲವು ಬಗೆಯ ಭಯಗಳಿಗೆ, ಗೀಳುಗಳಿಗೆ ಇಂಥದೇ ವಿಧಾನ ಮೇಲು ಎಂಬುದಕ್ಕೆ ಈಗ ಆಧಾರಗಳಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಡೋಡೋ ಹಕ್ಕಿಯ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ. 1957ರಲ್ಲಿ ಕಾರ್ಲ್ ರೋಜರ್ಸ್ ಇನ್ನೂ ಧೈರ್ಯದ ಮಾತು ಹೇಳಿದರು: ಕೇಳುವವನು ಒಳಗೊಂದು ಹೊರಗೊಂದು ಇಲ್ಲದವನಾಗಿರಬೇಕು, ಹೇಳುವವನನ್ನು ಷರತ್ತಿಲ್ಲದೆ ಒಪ್ಪಿಕೊಂಡಿರಬೇಕು, ಅವನ ನೋವನ್ನು ಅವನ ಕಡೆಯಿಂದ ಕಂಡಿರಬೇಕು, ಇಷ್ಟು ಹೇಳುವವನಿಗೆ ತಾಕಿದರೆ ಮಿಕ್ಕದ್ದು ತಾನಾಗಿ ಆಗುತ್ತದೆ. ಅದೇ ಸಾಕು ಎಂಬುದನ್ನು ಅನೇಕರು ಒಪ್ಪುವುದಿಲ್ಲ. ಅದಿಲ್ಲದೆ ಆಗದು ಎಂಬುದನ್ನು ಅಲ್ಲಗಳೆಯುವವರು ಕಡಿಮೆ.

ರೋಜರ್ಸರ ಅಳತೆಗೋಲಿನಿಂದ ಟೇಲರನನ್ನು ಅಳೆದರೆ ಅವನು ಬಹುಪಾಲು ಗೆಲ್ಲುತ್ತಾನೆ, ಆಶ್ಚರ್ಯ ಇದು. ಅವನ ಪ್ರೀತಿ ನಾಟಕವಲ್ಲ. ಹನ್ನೆರಡು ವರ್ಷದ ಸಹನೆ ನಾಟಕವಾಗಿರಲಾರದು. ಹುಡುಗನಿಗಾಗಿ ಅವನು ದಯೆ ಬೇಡಿದ. ಮರಣದಂಡನೆ ಮೊದಲು ಗಡೀಪಾರಿಗೆ ಇಳಿದು, ಆಮೇಲೆ ಗವರ್ನರ್ ಜನರಲನ ಅಪ್ಪಣೆಯಿಂದ ಮದರಾಸಿನ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿದಾಗ, ಆ ಸುದ್ದಿಯನ್ನು ಅವನು ಸುರಪುರದ ರಾಣಿಯರಿಗೆ ಸಂತೋಷದಿಂದ ತಿಳಿಸಿದ. ನಾಲ್ಕು ವರ್ಷ ಕಳೆದರೆ ಸಂಸ್ಥಾನ ಮತ್ತೆ ಸಿಗಬಹುದೆಂಬ ಆಸೆಯೂ ಇತ್ತು. ಆದರೆ ಹುಡುಗ ಚೆಂಗಲ್ಪಟ್ಟನ್ನು ಮುಟ್ಟಲಿಲ್ಲ. ಹೈದರಾಬಾದು ಬಿಟ್ಟ ಮೊದಲ ಬೀಡಿನಲ್ಲಿಯೇ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡ ಎಂದು ಟೇಲರನು ಬರೆಯುತ್ತಾನೆ. ಕೊಂದರು ಎಂದು ಹೇಳುವವರೂ ಉಂಟು. ಸೆರೆಯಲ್ಲಿ ಬದುಕುವುದು ಬೇಡನಿಗೆ ಸಾಧ್ಯವಿಲ್ಲ ಎಂದು ಆ ಹುಡುಗ ಸೆರೆಕೋಣೆಯಲ್ಲಿಯೇ ಹೇಳಿಕೊಂಡಿದ್ದ. ಕೇಳಿಸಿಕೊಂಡವನು ಅದನ್ನು ತಪ್ಪದೆ ಬರೆದಿಟ್ಟ. ಆಮೇಲೆ ಸೆರೆಯನ್ನೇ ವರವೆಂದು ಸಂಭ್ರಮಿಸಿದ! ಕೇಳಿಸಿಕೊಳ್ಳುವುದಕ್ಕೂ ಕೇಳುವುದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆಯನ್ನು ನಾನು ಯಾವ ಮನಶ್ಶಾಸ್ತ್ರದ ಗ್ರಂಥದಲ್ಲಿಯೂ ಕಂಡಿಲ್ಲ.

ಈ ಕುರುಡು ಟೇಲರನೊಬ್ಬನದೇ ಅಲ್ಲ. ಅಲೆನ್ ಬರ್ಗಿನ್ ಎಂಬವರು 1960ರ ದಶಕದಲ್ಲಿ, ಚಿಕಿತ್ಸೆಯಿಂದ ಕೆಲವರು ಮೊದಲಿಗಿಂತ ಹದಗೆಡುತ್ತಾರೆ ಎಂದು ತೋರಿಸಿದಾಗ ವೃತ್ತಿಯವರಿಗೆ ಹಿಡಿಸಲಿಲ್ಲ. ಮೈಕೇಲ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಇನ್ನೂ ಕಹಿಯಾದ ಸಂಗತಿಯನ್ನು ಹೊರಗೆಡವಿದರು: ತಮ್ಮ ಮುಂದೆ ಕುಳಿತವರಲ್ಲಿ ಯಾರು ಹದಗೆಡುತ್ತಿದ್ದಾರೆ ಎಂಬುದು ಅನುಭವಸ್ಥ ಚಿಕಿತ್ಸಕರಿಗೂ ಸಾಮಾನ್ಯವಾಗಿ ತಿಳಿಯುವುದಿಲ್ಲ; ಹೇಳುವವರನ್ನೇ ಪ್ರತಿಸಲ ಕೇಳಿ ಗುರುತು ಹಾಕಿಕೊಂಡರೆ ತಿಳಿಯುತ್ತದೆ. ಅಡಿಗೆಯ ರುಚಿಯನ್ನು ಉಂಡವನನ್ನು ಕೇಳಬೇಕು. ಇಷ್ಟು ಸಾಮಾನ್ಯವಾದ ವಿಷಯಕ್ಕೆ ಇಷ್ಟು ಸಂಶೋಧನೆ ಬೇಕಾಯಿತೆ ಎಂದು ನಗಬಹುದು. ನಗುವ ಮೊದಲು, ಆ ಮಹಡಿಯ ಹುಡುಗನನ್ನು ನಾನು ಒಂದು ಸಲವಾದರೂ ಹಾಗೆ ಕೇಳಿದ್ದೆನೆ ಎಂದು ನೆನೆಸಿಕೊಂಡೆ. ಕೇಳಿರಲಿಲ್ಲ.

ಜಾತಕದ ಪ್ರಸಂಗವನ್ನು ಬಿಡುವಂತಿಲ್ಲ. ರಾಜನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಾಯುತ್ತಾನೆ ಎಂದು ಅವನ ಜಾತಕದಲ್ಲಿ ಬರೆದಿತ್ತಂತೆ. ಅದು ಕೆಲವರೇ ಬಲ್ಲ ಗುಟ್ಟು; ಆ ಕೆಲವರಲ್ಲಿ ಟೇಲರನೂ ಒಬ್ಬ. ಸಾವಿನ ಸುದ್ದಿ ಬಂದಾಗ ಮುದಿ ಶಾಸ್ತ್ರಿಯೊಬ್ಬ ಅದನ್ನು ನೆನಪಿಗೆ ತಂದ ಎಂದು ಟೇಲರನು ಒಂದು ವಿಸ್ಮಯದ ಕಥೆಯಾಗಿ ಅದನ್ನು ಹೇಳಿ ಮುಗಿಸುತ್ತಾನೆ. ವಿಮರ್ಶಕನಾಗಿ ನನಗೆ ಇಲ್ಲಿ ಸಿಟ್ಟು ಬರುತ್ತದೆ. ಗೋಡೆಗೂ ಕಿವಿಯಿರುವ ಅರಮನೆಯಲ್ಲಿ ಇಂಥ ಮಾತು ಹುಡುಗನ ಕಿವಿಗೆ ಎಂದೂ ಬಿದ್ದಿರಲಿಲ್ಲವೆ? ಹೆತ್ತವಳ ಕಣ್ಣಿನಲ್ಲಿ, ಆಳುಗಳ ಪಿಸುಮಾತಿನಲ್ಲಿ ಅವನು ಅದನ್ನು ಓದಿರಲಾರನೆ? ಅಕಾಲದಲ್ಲಿ ಸಾಯುತ್ತಾನೆಂದು ಎಲ್ಲರೂ ಒಳಗೊಳಗೇ ನಂಬಿಕೊಂಡಿರುವ ಮಗು ಹೇಗೆ ಬೆಳೆಯುತ್ತದೆ? ಮಗುವಿನ ಎದುರಿಗೆ ಕುಳಿತು ‘ನಿನಗೆ ಭಯವಾಗುತ್ತದೆಯೇ?’ ಎಂದು ಕೇಳಬಹುದಾಗಿದ್ದ ಒಬ್ಬನೇ ಮನುಷ್ಯ ಟೇಲರ್. ಅವನು ಗ್ರಹಗತಿಯನ್ನು ನಂಬದವನು. ಆದ್ದರಿಂದಲೇ ಅದು ಮಾತನಾಡತಕ್ಕ ವಿಷಯವೆಂದು ಅವನಿಗೆ ತೋರಲಿಲ್ಲ. ತಾನು ನಂಬದ್ದು ಹೇಳುವವನಿಗೂ ಮುಖ್ಯವಲ್ಲವೆಂದು ಬಗೆಯುವುದು ಇಂದಿನ ಪದವೀಧರ ಸಲಹೆಗಾರರಲ್ಲಿಯೂ ಕಾಣುವ ದೋಷ. ದೇವರು ಮೈಮೇಲೆ ಬರುತ್ತದೆ ಎಂದು ಒಬ್ಬಾಕೆ ಹೇಳಿದರೆ, ಆಕೆಯ ದೇವರನ್ನು ವಾದದಲ್ಲಿ ಸೋಲಿಸಿ ಮನೆಗೆ ಕಳಿಸುವವರಿದ್ದಾರೆ.

ಹೀಗೆಂದರೆ ಪಂಚಾಂಗಕ್ಕೂ ಪೂಜಾರಿಗೂ ಶರಣು ಎಂದಲ್ಲ. ಆದರೆ ಒಂದು ಸಣ್ಣ ಅಧ್ಯಯನ ನನ್ನ ಮನಸ್ಸಿನಲ್ಲಿ ನಿಂತಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಗೆ ಬಂದು ತಂಗಿದ ತೀವ್ರ ಮನೋರೋಗಿಗಳನ್ನು ನೋಡಿ 2002ರಲ್ಲಿ ಬರೆದರು. ಮೂವತ್ತೊಂದು ಜನ, ಸರಾಸರಿ ಆರು ವಾರ ವಾಸ, ಔಷಧಿಯಿಲ್ಲ, ವಿಶೇಷ ವಿಧಿಯೂ ಇಲ್ಲ. ರೋಗಲಕ್ಷಣಗಳ ಅಳತೆ ಸುಮಾರು ನೂರಕ್ಕೆ ಇಪ್ಪತ್ತರಷ್ಟು ಇಳಿದಿತ್ತು. ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ, ಆದ್ದರಿಂದ ಹೆಚ್ಚು ಹಿಗ್ಗಬಾರದು. ಆದರೂ ಆ ಜಗಲಿಯಲ್ಲಿ ಏನಿತ್ತು? ಯಾರೂ ಓಡಿಸುವುದಿಲ್ಲ, ಯಾರೂ ಬರೆದುಕೊಳ್ಳುವುದಿಲ್ಲ, ಮನೆಯವರೂ ಜೊತೆಗಿರುತ್ತಾರೆ. ಸುರಪುರದ ಸೀಮೆಯ ತಿಂಥಣಿಯಲ್ಲಿ ಮೌನೇಶ್ವರನ ಗುಡಿಯಿದೆ; ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಜಾಗ. ಅಲ್ಲಿಯೂ ಕಂಬಕ್ಕೆ ಒರಗಿ ಗುನುಗುನು ಮಾತನಾಡಿಕೊಳ್ಳುವವರನ್ನು ಕಂಡಿದ್ದೇನೆ. ಮೌನೇಶ್ವರನು ಹೆಸರಿಗೆ ತಕ್ಕವನು, ಯಾರಿಗೂ ವರದಿ ಕೊಡುವವನಲ್ಲ.

‘ಅಪ್ಪ’ ಎಂಬ ಮಾತಿಗೆ ಮತ್ತೆ ಬರುತ್ತೇನೆ. ಕಲಬುರಗಿ ಯಾದಗಿರಿಗಳ ಕಡೆ ಅಪ್ಪ ಎಂದರೆ ಹೆತ್ತವನೂ ಹೌದು, ಮಠದಲ್ಲಿ ಕುಳಿತ ಸ್ವಾಮಿಯೂ ಹೌದು. ‘ಅಪ್ಪನ ಮುಂದ ಹೇಳಿ ಬಂದೆ’ ಎಂದರೆ ಯಾವ ಅಪ್ಪ ಎಂದು ಸಂದರ್ಭ ನೋಡಿ ತಿಳಿಯಬೇಕು. ಭಾರತೀಯರಿಗೆ ಸಮಸಮ ಕುಳಿತು ಮಾತನಾಡುವ ಪಾಶ್ಚಾತ್ಯ ಪದ್ಧತಿಗಿಂತ ಗುರುಶಿಷ್ಯರ ಮಾದರಿ ಹೆಚ್ಚು ಒಗ್ಗುತ್ತದೆ ಎಂದು ಮನೋವೈದ್ಯ ಜಸವಂತ ಸಿಂಗ್ ನೇಕಿ 1973ರಲ್ಲಿ ವಾದಿಸಿದ್ದರು. ನನಗೆ ಅದು ಅರ್ಧ ಒಪ್ಪಿಗೆ. ನಮ್ಮ ಜನ ಸಲಹೆಗಾರನನ್ನು ಅಪ್ಪನೆಂದೋ ಅಣ್ಣನೆಂದೋ ಕರೆದೇ ಬಿಚ್ಚಿಕೊಳ್ಳುವುದು. ಅದನ್ನು ತಡೆದರೆ ಮಾತೇ ತಡೆಯುತ್ತದೆ. ಆದರೆ ಅಪ್ಪನಿಗೆ ‘ನೀನು ತಪ್ಪಿದೆ’ ಎನ್ನಲು ನಮ್ಮಲ್ಲಿ ಎಷ್ಟು ಮಕ್ಕಳಿಗೆ ಬಾಯಿ ಬರುತ್ತದೆ? ಸುರಪುರದ ರಾಜನಿಗೆ ಬರಲಿಲ್ಲ. ನನ್ನ ಹುಡುಗನಿಗೆ ಒಂದು ಪ್ರಶ್ನೆ ಕೇಳುವಷ್ಟು ಬಂತು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಹೇಳಿದ್ದೇನೆ. ‘ಹೌದಪ್ಪ, ಬರೆದದ್ದು ತಪ್ಪಾಯಿತು’ ಎಂದಿದ್ದರೆ? ಮುರಿದ ಸಂಬಂಧವನ್ನು ಅಲ್ಲಿಯೇ ಒಪ್ಪಿಕೊಂಡು ಕೂಡಿಸಿದಾಗ, ಎಂದೂ ಮುರಿಯದಿದ್ದುದಕ್ಕಿಂತ ಹೆಚ್ಚಿನ ಗುಣವಾಗುವುದುಂಟು ಎಂದು ಈಚಿನ ಗ್ರಂಥಗಳು ಹೇಳುತ್ತವೆ. ನನಗೆ ಅದನ್ನು ಪರೀಕ್ಷಿಸುವ ಅವಕಾಶ ತಪ್ಪಿತು.

ಕೊನೆಗೆ ಪುಸ್ತಕದ ಬಗ್ಗೆಯೇ ಒಂದು ಮಾತು. ಟೇಲರನು 1876ರಲ್ಲಿ ತೀರಿಕೊಂಡ. ಮರುವರ್ಷ ಅವನ ಮಗಳು ಈ ಆತ್ಮಕಥೆಯನ್ನು ಅಚ್ಚುಹಾಕಿಸಿದಳು. ಇಡೀ ಕಥೆಗೆ ಕೇಳಿದವನೊಬ್ಬನೇ ಸಾಕ್ಷಿ. ಹೇಳಿದವನ ಕಡೆಯ ಒಂದು ಪುಟವೂ ಅದರಲ್ಲಿಲ್ಲ. ಚಿಕಿತ್ಸಕರು ಬರೆಯುವ ರೋಗಿಯ ಕಥೆಗಳಿಗೆಲ್ಲ ಈ ಶಾಪ ಅಂಟಿದೆ. ಫ್ರಾಯ್ಡನು ‘ಡೋರಾ’ ಎಂದು ಹೆಸರಿಟ್ಟು ಬರೆದ ಹುಡುಗಿ 1900ರ ಡಿಸೆಂಬರ್ ಕೊನೆಗೆ ಸಾಕೆಂದು ಎದ್ದುಹೋದಳು; ಅವಳ ಕಥೆಯನ್ನು ಅವನೇ ಬರೆದ. ನಮ್ಮ ‘ರಾಶಿ’, ಡಾ. ಎಂ. ಶಿವರಾಂ, ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದಾಗ ಕನ್ನಡಕ್ಕೆ ಈ ಶಾಸ್ತ್ರದ ಬಾಗಿಲು ತೆರೆಯಿತು ಎಂದು ನಾವು ಹಿಗ್ಗಿದೆವು, ಸರಿಯಾಗಿಯೇ ಹಿಗ್ಗಿದೆವು. ಅಲ್ಲಿಂದೀಚೆಗೆ ಕನ್ನಡದಲ್ಲಿ ಮನೋವೈದ್ಯರ ಪುಸ್ತಕಗಳಿಗೆ ಬರವಿಲ್ಲ. ಎದುರಿನ ಕುರ್ಚಿಯಲ್ಲಿ ಕುಳಿತವರ ಪುಸ್ತಕಗಳು ಎಷ್ಟಿವೆ? ಅಮೆರಿಕದ ಅರ್ವಿನ್ ಯಾಲಮ್ 1974ರಲ್ಲಿ ಹೊಸ ಪ್ರಯೋಗವೊಂದನ್ನು ಪ್ರಕಟಿಸಿದರು. ಪ್ರತಿ ಭೇಟಿಯ ನಂತರ ಅವರೂ ಬರೆದರು, ಬಂದಾಕೆಯೂ ಬರೆದಳು. ಎರಡನ್ನೂ ಜೊತೆಯಾಗಿ ಅಚ್ಚುಹಾಕಿಸಿದರು. ವೈದ್ಯರು ತಮ್ಮ ಚತುರ ವ್ಯಾಖ್ಯಾನಗಳನ್ನು ಮೆಚ್ಚಿಕೊಂಡಿದ್ದಾರೆ. ಆಕೆಗೆ ಅವು ಕಿವಿಗೇ ಬಿದ್ದಂತಿಲ್ಲ. ಅವರು ಆಡಿದ ಯಾವುದೋ ಒಂದು ಆತ್ಮೀಯ ಮಾತು, ತನ್ನ ಬಗ್ಗೆ ತೋರಿದ ಒಂದು ಚೂರು ಕಕ್ಕುಲತೆ, ಇವು ನೆನಪಿವೆ. ಕನ್ನಡದಲ್ಲಿ ಇಂಥ ಜೋಡಿ ಪುಸ್ತಕ ಬಂದರೆ ನಾನು ಮೊದಲ ಪ್ರತಿ ಕೊಳ್ಳುತ್ತೇನೆ.

ಕಾಲ ನಿಂತಿಲ್ಲ, ಒಪ್ಪಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳಿಕೊಂಡದ್ದನ್ನು ಗುಟ್ಟಾಗಿಡುವುದನ್ನು ಹೇಳಿಕೊಂಡವನ ಹಕ್ಕು ಎಂದಿದೆ, ಪ್ರಾಣಾಪಾಯದಂಥ ಕೆಲವು ಸಂದರ್ಭಗಳನ್ನು ಬಿಟ್ಟು. ನನ್ನ ನಮೂನೆಯ ಎರಡು ಸಾಲುಗಳಲ್ಲಿ ಅಂಥ ಅಪಾಯವೇನೂ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ‘ಟೆಲಿ ಮಾನಸ್’ಗೆ, 14416ಕ್ಕೆ, ಸುರಪುರದ ಹೊಲದಲ್ಲಿ ನಿಂತೇ ಫೋನು ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಕೇಳುವವರ ಮುಖ ಕಾಣದು. ಅವರು ಊರ ಗೌಡನ ನೆಂಟರಲ್ಲ, ಕಾಲೇಜಿನ ಪಾಲಕರಲ್ಲ. ಮೊದಲು ಇದನ್ನು ಕೊರತೆ ಎಂದುಕೊಂಡಿದ್ದೆ. ಈಗ ಹಾಗೆನ್ನಿಸುವುದಿಲ್ಲ.

ಮದುವೆಯ ಮರುದಿನ ಗುಡ್ಡ ಹತ್ತಿ ಟೇಲರ್ ಮಂಜಿಲನ್ನು ನೋಡಿದೆ. ಅಲ್ಲಿ ನಿಂತರೆ ಊರೆಲ್ಲ ಕಾಲ ಕೆಳಗೆ ಕಾಣುತ್ತದೆ, ಅರಮನೆಯೂ ಕಾಣುತ್ತದೆ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಬೃಹತ್ ಶಿಲಾಯುಗದ ಬಂಡೆಗಳನ್ನೂ ರಾಜನಕೋಳೂರಿನ ಕಲ್ಲುಗೋರಿಗಳನ್ನೂ ಮೊದಲು ಲೋಕಕ್ಕೆ ವರ್ಣಿಸಿ ತಿಳಿಸಿದವನೂ ಈ ಟೇಲರನೇ. ಸಾವಿರಾರು ವರ್ಷದ ಹಿಂದೆ ಸತ್ತವರನ್ನು ಹೇಗೆ ಮಲಗಿಸಿದ್ದರು ಎಂದು ಅಷ್ಟು ಎಚ್ಚರದಿಂದ ಮಣ್ಣು ಸರಿಸಿ ನೋಡಿದವನು. ಜೊತೆಗೆ ಬಂದಿದ್ದ, ಮದುವೆಮನೆಯ ಹಿರಿಯರೊಬ್ಬರನ್ನು ಟೇಲರನ ಬಗ್ಗೆ ಜನ ಏನೆನ್ನುತ್ತಾರೆ ಎಂದು ಕೇಳಿದೆ. “ಛಲೋ ಮನಷ್ಯಾ ಇದ್ದನಂತ್ರಿ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಖರೇ, ಸಾಹೇಬ ಇದ್ದ” ಎಂದರು. ಆಮೇಲೆ ಬಿಸಿಲು ಏರುತ್ತಿದೆ, ಯಾದಗಿರಿಯ ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸಿದರು. ಇಬ್ಬರೂ ಇಳಿದೆವು.